ವಾಕಿಂಗಾ, ಜಿಮ್ಮಾ, ಯೋಗಾನಾ? ನಿಮ್ಮ ಮೈಗೆ ಏನು ಕಮ್ಮಿ ಬಿದ್ದಿದೆ ಅಂತ ನೋಡಿ ಆರಿಸ್ಕೊಳ್ಳಿ

ನಮ್ಮಮ್ಮ 15 ವರ್ಷದಿಂದ ವಾಕಿಂಗ್ ಹೋಗ್ತಾರೆ, ದಿನಾ ಮುಕ್ಕಾಲು ಗಂಟೆ, ಅದೂ ಬಿರುಸಾಗಿ. ಬಿಪಿ ಹತೋಟಿಯಲ್ಲಿದೆ, ಶುಗರ್ ಇಲ್ಲ, ಎಷ್ಟು ದೂರ ನಡೆದ್ರೂ ಸುಸ್ತು ಅನ್ನಲ್ಲ. ಆದ್ರೆ ಹೋದ ವರ್ಷ ಒಂದಿನ ನೆಲದ ಮೇಲೆ ಕೂತು ಹಳೇ ಫೋಟೋ ಎಲ್ಲ ಜೋಡಿಸ್ತಾ ಇದ್ದೋರು ಏಳಕ್ಕೆ ಹೋದ್ರು, ಆಗ್ಲಿಲ್ಲ, ಕೊನೆಗೆ ಕುರ್ಚಿ ಹಿಡ್ಕೊಂಡು ಎರಡು ಸಲ ಪ್ರಯತ್ನಪಟ್ಟು ಎದ್ರು. ನಾನು ಅಲ್ಲೇ ಪಕ್ಕದಲ್ಲಿದ್ದೆ, ಮನಸ್ಸಿಗೆ ಭಾಳ ಕಸಿವಿಸಿ ಆಯ್ತು. ಇಷ್ಟು ವರ್ಷ ಒಂದು ದಿನಾನೂ ತಪ್ಪಿಸದೆ ವ್ಯಾಯಾಮ ಮಾಡಿದೋರಿಗೆ ಹಿಂಗ್ಯಾಕೆ ಅಂತ. ಆಮೇಲೆ ಓದ್ತಾ ಹೋದಂಗೆ ಅರ್ಥ ಆಯ್ತು, ವಾಕಿಂಗು ಅದರ ಕೆಲಸ ಅದು ಚೆನ್ನಾಗೇ ಮಾಡಿತ್ತು, ತೊಡೆ ಸೊಂಟದ ಬಲ ಕಾಯೋ ಕೆಲಸ ಮಾತ್ರ ಯಾರೂ ಮಾಡಿರ್ಲಿಲ್ಲ.

ಅದಕ್ಕೇ "ಯಾವ ವ್ಯಾಯಾಮ ಬೆಸ್ಟ್" ಅಂತ ಯಾರಾದ್ರೂ ಕೇಳಿದ್ರೆ ನಾನು ವಾಪಸ್ ಕೇಳೋದು ಒಂದೇ, ನಿಮ್ಮ ಹತ್ರ ಈಗ ಯಾವುದು ಕಮ್ಮಿ ಇದೆ? ದಮ್ಮಾ, ಬಲಾನಾ, ಬ್ಯಾಲೆನ್ಸಾ? ಒಂದೊಂದು ವ್ಯಾಯಾಮ ಇದರಲ್ಲಿ ಒಂದನ್ನೋ ಎರಡನ್ನೋ ಬೆಳೆಸುತ್ತೆ, ಮೂರನ್ನೂ ಪೂರ್ತಿಯಾಗಿ ಬೆಳೆಸೋದು ಅಪರೂಪ.

ಮನೇಲೇ ಸುಮಾರಾಗಿ ಪರೀಕ್ಷೆ ಮಾಡ್ಕೋಬಹುದು. ಎರಡು ಮಹಡಿ ಮೆಟ್ಟಿಲು ನಿಲ್ಲದೆ ಹತ್ತಿ, ಮೇಲೆ ಹೋದ್ಮೇಲೆ ಮಾತಾಡಕ್ಕೆ ಆಗ್ದಷ್ಟು ಏದುಸಿರು ಬಂದ್ರೆ ದಮ್ಮು ಕಮ್ಮಿ. ಕೈ ಎರಡೂ ಎದೆ ಮೇಲೆ ಕಟ್ಕೊಂಡು ಕುರ್ಚಿಯಿಂದ ಐದು ಸಲ ಎದ್ದು ಕೂತು ನೋಡಿ, ಮೂರನೇ ಸಲಕ್ಕೇ ಕೈ ಊರಬೇಕು ಅನ್ಸಿದ್ರೆ ಕಾಲಲ್ಲಿ ಬಲ ಕಮ್ಮಿ. ಗೋಡೆ ಪಕ್ಕದಲ್ಲಿ ನಿಂತು ಒಂದು ಕಾಲೆತ್ತಿ 10 ಸೆಕೆಂಡ್ ನಿಲ್ಲಕ್ಕಾಗುತ್ತಾ ನೋಡಿ, ಇದು ತೀರಾ ಸಣ್ಣ ಪರೀಕ್ಷೆ ಅನ್ಸುತ್ತೆ, ಆದ್ರೆ 51ರಿಂದ 75 ವರ್ಷದ 1,702 ಜನರನ್ನ ಗಮನಿಸಿ 2022ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಹಂಗೆ ನಿಲ್ಲಕ್ಕೆ ಆಗದೇ ಇದ್ದೋರಲ್ಲಿ ಮುಂದಿನ ವರ್ಷಗಳಲ್ಲಿ ಸಾವಿನ ಪ್ರಮಾಣ ಜಾಸ್ತಿ ಇತ್ತು. ಒಂಟಿಕಾಲಲ್ಲಿ ನಿಂತ ಮಾತ್ರಕ್ಕೆ ಆಯಸ್ಸು ಜಾಸ್ತಿ ಆಗುತ್ತೆ ಅಂತ ಅರ್ಥ ಅಲ್ಲ, ಒಳಗೆ ಏನೇನು ಸೋರಿ ಹೋಗ್ತಾ ಇದೆ ಅನ್ನೋದಕ್ಕೆ ಅದೊಂದು ಸೂಚನೆ ಅಷ್ಟೇ.

ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಕೊಟ್ಟ ಲೆಕ್ಕಾನೂ ಇದೇ ದಾರೀಲಿದೆ. ವಯಸ್ಕರಿಗೆ ವಾರಕ್ಕೆ 150ರಿಂದ 300 ನಿಮಿಷ ಮಧ್ಯಮ ಶ್ರಮದ್ದು, ಇಲ್ಲಾಂದ್ರೆ 75ರಿಂದ 150 ನಿಮಿಷ ಜೋರು ಶ್ರಮದ್ದು, ಅದರ ಜೊತೆಗೆ ವಾರಕ್ಕೆ ಎರಡು ದಿನ ಆದ್ರೂ ಸ್ನಾಯು ಗಟ್ಟಿ ಮಾಡೋ ವ್ಯಾಯಾಮ, 65 ದಾಟಿದೋರಿಗೆ ವಾರಕ್ಕೆ ಮೂರು ದಿನ ಬ್ಯಾಲೆನ್ಸ್ ಅಭ್ಯಾಸಾನೂ ಸೇರಿಸಿ. ಇದರಲ್ಲಿ ಆ 150 ನಿಮಿಷ ಎಲ್ರಿಗೂ ನೆನಪಿರುತ್ತೆ, ಮಿಕ್ಕಿದ್ದನ್ನ ಮರೀತಾರೆ.

ವಾಕಿಂಗ್ ಮತ್ತು ಓಟ

ಇಲ್ಲಿಯವರೆಗೂ ಏನೂ ಮಾಡಿಲ್ದೇ ಇರೋರಿಗೆ ವಾಕಿಂಗಿಗಿಂತ ಒಳ್ಳೆ ಶುರು ಇಲ್ಲ, ಈ ಮಾತಲ್ಲಿ ನಂಗೆ ಯಾವ ಅನುಮಾನಾನೂ ಇಲ್ಲ. ಕಲಿಯೋದೇನಿಲ್ಲ, ಪೆಟ್ಟಾಗೋದು ಕಮ್ಮಿ, ಯಾವ ಹೊತ್ತಲ್ಲಾದ್ರೂ ಹೋಗ್ಬಹುದು. ಆದ್ರೆ ಫೋನಲ್ಲಿ ಮಾತಾಡ್ತಾ ನಿಧಾನಕ್ಕೆ ಸುತ್ತೋದನ್ನ ಆ 150 ನಿಮಿಷಕ್ಕೆ ಲೆಕ್ಕ ಹಾಕ್ಬೇಡಿ. ಮಾತಾಡಕ್ಕೆ ಆಗ್ಬೇಕು, ಹಾಡಕ್ಕೆ ಆಗ್ಬಾರ್ದು, ಆ ವೇಗ ಇದ್ರೆ ಅದು ಮಧ್ಯಮ ಶ್ರಮ. ಒಂದೆರಡು ಪದ ಹೇಳಿ ಉಸಿರು ಎಳ್ಕೋಬೇಕು ಅಂದ್ರೆ ಅದು ಜೋರು ಶ್ರಮ. ವಾಚು ಬೇಕಾಗಿಲ್ಲ, ಇಷ್ಟು ಸಾಕು.

ಓಟದ ದೊಡ್ಡ ಲಾಭ ಟೈಮು, ಮೇಲಿನ ಲೆಕ್ಕದಲ್ಲೇ ನೋಡಿ, ಜೋರು ಶ್ರಮದ ಒಂದು ನಿಮಿಷ ಮಧ್ಯಮ ಶ್ರಮದ ಎರಡು ನಿಮಿಷಕ್ಕೆ ಸಮ. ಹಂಗಂತ ಮೊದಲ ವಾರಾನೇ ಅರ್ಧ ಗಂಟೆ ಓಡಿದ್ರೆ ಮೊಣಕಾಲ ಕೆಳಗಿನ ಮೂಳೆ ನೋವು, ಹಿಮ್ಮಡಿ ನೋವು ಬರೋ ಸಾಧ್ಯತೆ ಜಾಸ್ತಿ, ಯಾಕಂದ್ರೆ ಹೃದಯ ಹೊಂದ್ಕೊಳ್ಳೋಷ್ಟು ಬೇಗ ಸ್ನಾಯುರಜ್ಜು (ಸ್ನಾಯುವನ್ನ ಮೂಳೆಗೆ ಕಟ್ಟಿರೋ ಪಟ್ಟಿ), ಮೂಳೆ ಹೊಂದ್ಕೊಳ್ಳಲ್ಲ. ಎರಡು ನಿಮಿಷ ನಡೆದು ಒಂದು ನಿಮಿಷ ಓಡೋದು, ಹಿಂಗೆ ಶುರು ಮಾಡಿ ಎರಡು ಮೂರು ತಿಂಗಳು ತಗೊಂಡು ಓಟಕ್ಕೆ ಬನ್ನಿ. ಓಡಿದ್ರೆ ಮಂಡಿ ಸವೆದು ಹೋಗುತ್ತೆ ಅನ್ನೋ ಭಯ ತುಂಬಾ ಜನಕ್ಕಿದೆ, ಆದ್ರೆ ಹವ್ಯಾಸಕ್ಕೆ ಅಂತ ಮಿತವಾಗಿ ಓಡೋರಲ್ಲಿ ಮಂಡಿ ಸವೆತ ಕೂತೇ ಇರೋರಿಗಿಂತ ಹೆಚ್ಚಿದೆ ಅಂತ ಅಧ್ಯಯನಗಳಲ್ಲಿ ಕಂಡುಬಂದಿಲ್ಲ. ಈಗಾಗ್ಲೇ ಮಂಡಿ ನೋವಿದ್ರೆ ಅಥವಾ ತೂಕ ತುಂಬಾ ಇದ್ರೆ ಆ ಮಾತು ಬೇರೆ, ಆಗ ವಾಕಿಂಗು, ಸೈಕಲ್ಲೇ ವಾಸಿ.

ಇನ್ನು ಆ 10,000 ಹೆಜ್ಜೆ ವಿಚಾರ. ಇದು ಡಾಕ್ಟ್ರುಗಳು ಲೆಕ್ಕ ಹಾಕಿ ಕೊಟ್ಟ ಸಂಖ್ಯೆ ಅಲ್ಲ, 1965ರಲ್ಲಿ ಜಪಾನಲ್ಲಿ ಮಾರಾಟಕ್ಕೆ ಬಂದ ಒಂದು ಹೆಜ್ಜೆ ಎಣಿಸೋ ಮೀಟರಿನ ಹೆಸರಿಂದ ಬಂದಿದ್ದು, ಮಾನ್‌ಪೋ-ಕೇ ಅಂದ್ರೇನೇ ಹತ್ತು ಸಾವಿರ ಹೆಜ್ಜೆ ಮೀಟರ್ ಅಂತ. 2019ರಲ್ಲಿ ವಯಸ್ಸಾದ ಹೆಂಗಸರ ಮೇಲೆ ಮಾಡಿದ ಅಮೆರಿಕದ ಅಧ್ಯಯನದಲ್ಲಿ ದಿನಕ್ಕೆ ಸುಮಾರು 2,700 ಹೆಜ್ಜೆ ಹಾಕೋರಿಗಿಂತ 4,400 ಹಾಕೋರಲ್ಲೇ ಸಾವಿನ ಪ್ರಮಾಣ ಎಷ್ಟೋ ಕಮ್ಮಿ ಇತ್ತು, 7,500ರ ಹತ್ರ ಬಂದ್ಮೇಲೆ ಲಾಭ ಹೆಚ್ಚುಕಮ್ಮಿ ಅಲ್ಲೇ ನಿಂತ್ಕೊಂತು. ಅದಕ್ಕೇ ಹತ್ತು ಸಾವಿರ ಮುಟ್ಟಲಿಲ್ಲ ಅಂತ ಬೇಜಾರು ಮಾಡ್ಕೊಂಡು ಬಿಟ್ಟೇ ಬಿಡೋರಿಗೆ ನಾನು ಕೈಮುಗಿದು ಹೇಳೋದು, ಬಿಡಬೇಡಿ, ಮೂರು ಸಾವಿರದಿಂದ ಐದು ಸಾವಿರಕ್ಕೆ ಹೋಗೋದ್ರಲ್ಲೇ ದೊಡ್ಡ ಲಾಭ ಇರೋದು.

ಸೈಕಲ್ಲು, ಈಜು

ಎರಡೂ ದಮ್ಮು ಬೆಳೆಸಕ್ಕೆ ಬಹಳ ಒಳ್ಳೇದು, ಕೀಲಿಗೆ ಹಗುರ. ಮಂಡಿ, ಸೊಂಟ ನೋವಿರೋರಿಗೆ, ಭಾರೀ ಮೈಯವ್ರಿಗೆ ವಾಕಿಂಗಿಗಿಂತ ಈಜು ಹಿತ, ನೀರೇ ಮೈಯ ಭಾರ ಹೊತ್ಕೊಳ್ಳುತ್ತೆ. ಕೊರತೆ ಏನಂದ್ರೆ, ಭಾರ ಬೀಳದೇ ಇರೋದ್ರಿಂದ ಮೂಳೆ ಗಟ್ಟಿ ಆಗಲ್ಲ. ಮೂಳೆಗೆ ಒತ್ತಡ ಬಿದ್ರೇನೇ ಅದು ತನ್ನನ್ನ ತಾನು ಕಟ್ಕೊಳ್ಳೋದು, ಅಂತರಿಕ್ಷಕ್ಕೆ ಹೋದವ್ರಿಗೆ ಭಾರಾನೇ ಇಲ್ದೆ ಸೊಂಟದ ಭಾಗದಲ್ಲಿ ತಿಂಗಳಿಗೆ ಸುಮಾರು 1% ಮೂಳೆ ಸಾಂದ್ರತೆ ಕರಗುತ್ತೆ. ಈಜೋರು, ಸೈಕಲ್ ಹೊಡೆಯೋರು, ಅದರಲ್ಲೂ ಮುಟ್ಟು ನಿಂತ ಹೆಂಗಸರು, ಜೊತೆಗೆ ಭಾರ ಎತ್ತೋದನ್ನ ಸೇರಿಸ್ಕೊಳ್ಳಲೇಬೇಕು.

ಭಾರ ಎತ್ತೋದು, ನಾನು ಜಾಸ್ತಿ ಹೇಳ್ಬೇಕಾಗಿರೋದು ಇಲ್ಲೇ

30 ದಾಟಿದ್ಮೇಲೆ ಏನೂ ಮಾಡ್ದೇ ಇದ್ರೆ ಹತ್ತು ವರ್ಷಕ್ಕೆ ಸುಮಾರು 3ರಿಂದ 8% ಸ್ನಾಯು ಕರಗುತ್ತೆ, 60 ಆದ್ಮೇಲೆ ಇನ್ನೂ ಬೇಗ. ತೂಕದ ಮೆಷಿನ್ ಮೇಲೆ ಇದು ಗೊತ್ತಾಗಲ್ಲ, ಸ್ನಾಯು ಹೋದ ಜಾಗಕ್ಕೆ ಕೊಬ್ಬು ಬಂದು ಕೂತಿರುತ್ತೆ, ಅದೇ 62 ಕಿಲೋ ತೋರಿಸ್ತಾ ಇರುತ್ತೆ. ಗೊತ್ತಾಗೋದು ನೆಲದಿಂದ ಏಳಕ್ಕಾಗ್ದಾಗ, ಡಬ್ಬಿ ಮುಚ್ಚಳ ತೆಗೆಯಕ್ಕಾಗ್ದಾಗ, ಎಡವಿದ್ರೆ ಸಾವರಿಸ್ಕೊಳ್ಳಕ್ಕಾಗ್ದೆ ಬಿದ್ದಾಗ.

ಇನ್ನೊಂದು ಕಾರಣ ಶುಗರ್. ನಾವು ತಿಂದಿದ್ರಲ್ಲಿ ರಕ್ತಕ್ಕೆ ಸೇರೋ ಗ್ಲೂಕೋಸಿನ ದೊಡ್ಡ ಪಾಲನ್ನ ಒಳಗೆ ಎಳ್ಕೊಳ್ಳೋದು ಸ್ನಾಯುಗಳೇ. ಕೆಲಸ ಮಾಡ್ತಿರೋ ಸ್ನಾಯು ಇನ್ಸುಲಿನ್ ನೆರವಿಲ್ದೇನೂ ಗ್ಲೂಕೋಸ್ ಎಳ್ಕೊಳ್ಳುತ್ತೆ, ಅದಕ್ಕೇ ಊಟ ಆದ್ಮೇಲೆ ಹತ್ತು ನಿಮಿಷ ನಡೆದ್ರೂ ಶುಗರ್ ಏರೋದು ತಗ್ಗುತ್ತೆ. ಸ್ನಾಯು ಜಾಸ್ತಿ ಇದ್ರೆ ಆ ಗ್ಲೂಕೋಸಿಗೆ ಉಗ್ರಾಣ ದೊಡ್ಡದು.

ವಯಸ್ಸಾಯ್ತು, ಇನ್ನೇನು ಭಾರ ಎತ್ತೋದು ಅನ್ನೋರಿಗೆ 1990ರಲ್ಲಿ ಬಂದ ಒಂದು ಪ್ರಯೋಗದ ಬಗ್ಗೆ ಹೇಳ್ತೀನಿ. ಮಾರಿಯಾ ಫಿಯಟರೋನ್ ಅನ್ನೋ ವೈದ್ಯೆ ಮತ್ತೆ ಅವರ ತಂಡ ಅಮೆರಿಕದ ವೃದ್ಧಾಶ್ರಮ ಒಂದರಲ್ಲಿದ್ದ 90ರ ಆಸುಪಾಸಿನ 10 ಜನಕ್ಕೆ 8 ವಾರ ತೊಡೆಗೆ ಭಾರ ಎತ್ತೋ ತರಬೇತಿ ಕೊಟ್ರು. ಪೂರ್ತಿ ಮುಗಿಸಿದವರ ಬಲ ಸರಾಸರಿ 174% ಹೆಚ್ಚಾಯ್ತು, ಅಂದ್ರೆ ಹೆಚ್ಚುಕಮ್ಮಿ ಮೂರು ಪಟ್ಟು, ನಡಿಗೇನೂ ಸುಧಾರಿಸಿತು. 90ರಲ್ಲಿ! ಇದನ್ನ ಓದಿದ ದಿನಾನೇ ನಾನು ಅಮ್ಮನ ಹತ್ರ ಕೂತು ಮಾತಾಡಿದ್ದು. ಮೊದಲು ಅವರು ಒಪ್ಪಲಿಲ್ಲ, "ನಂಗ್ಯಾಕೋ ಈ ವಯಸ್ಸಲ್ಲಿ ಪೈಲ್ವಾನ್ ಕೆಲಸ" ಅಂದ್ರು, ಆಮೇಲೆ ಕುರ್ಚಿಯಿಂದ ಎದ್ದು ಕೂರೋದನ್ನ ಮಾತ್ರ ಮಾಡ್ತೀನಿ ಅಂತ ಒಪ್ಕೊಂಡ್ರು. ವಾರಕ್ಕೆ ಮೂರು ದಿನ, ಎಂಟೆಂಟು ಸಲ. ನಾಲ್ಕು ತಿಂಗಳಾದ್ಮೇಲೆ ಕೈಯಲ್ಲಿ ಎರಡು ಲೀಟರಿನ ನೀರಿನ ಬಾಟಲ್ ಹಿಡ್ಕೊಂಡು ಮಾಡ್ತಿದ್ರು. ಈಗ ನೆಲದಿಂದ ಒಂದು ಕೈ ಮಂಡಿ ಮೇಲಿಟ್ಟು ಏಳ್ತಾರೆ, ಕುರ್ಚಿ ಬೇಡ.

ಜಿಮ್ಮಾ ಮನೇನಾ ಅಂದ್ರೆ, ಎರಡರಲ್ಲೂ ಆಗುತ್ತೆ. ಜಿಮ್ಮಲ್ಲಿ ಭಾರಾನ ಸ್ವಲ್ಪ ಸ್ವಲ್ಪವಾಗಿ ಏರಿಸೋದು ಸುಲಭ, ಹೇಳ್ಕೊಡೋರು ಇರ್ತಾರೆ, ಹೋಗೋದು ಬರೋದ್ರಲ್ಲಿ ಟೈಮ್ ಹೋಗುತ್ತೆ. ಮನೇಲಿ ರೆಸಿಸ್ಟೆನ್ಸ್ ಬ್ಯಾಂಡ್ (ಎಳೆದ್ರೆ ಹಿಗ್ಗೋ ರಬ್ಬರ್ ಪಟ್ಟಿ), ಒಂದು ಜೊತೆ ಡಂಬೆಲ್, ಇಲ್ಲಾಂದ್ರೆ ನಿಮ್ಮ ಮೈ ಭಾರಾನೇ ಸಾಕು. ಸ್ಕ್ವಾಟ್ (ಮಂಡಿ ಮಡಚಿ ಕುರ್ಚೀಲಿ ಕೂರೋ ಹಂಗೆ ಇಳಿದು ಏಳೋದು), ಪುಷ್‌ಅಪ್ (ಆಗ್ದೇ ಇದ್ರೆ ಗೋಡೆಗೆ ಕೈ ಕೊಟ್ಟು ಮಾಡಿ), ಬ್ಯಾಂಡನ್ನ ಎದೆ ಕಡೆಗೆ ಎಳೆಯೋದು, ಕೈಯಲ್ಲಿ ಭಾರ ಹಿಡ್ಕೊಂಡು ನಡೆಯೋದು, ಈ ನಾಲ್ಕರಲ್ಲಿ ಇಡೀ ಮೈ ಬಂತು. ಒಂದೊಂದು 8ರಿಂದ 12 ಸಲ, ಎರಡು ಸೆಟ್. ಕೊನೇ ಎರಡು ಸಲ ಕಷ್ಟ ಆಗ್ಬೇಕು, ಸಲೀಸಾಗಿ ಆಗ್ತಿದೆ ಅಂದ್ರೆ ಭಾರ ಏರಿಸಿ, ಅದೇ ಎರಡು ಕಿಲೋ ಡಂಬೆಲ್ ಮೂರು ವರ್ಷ ಎತ್ತಿದ್ರೆ ಮೊದಲ ಕೆಲವು ತಿಂಗಳ ಲಾಭ ಬಿಟ್ರೆ ಮುಂದಕ್ಕೆ ಏನೂ ಸಿಗಲ್ಲ. ಉಸಿರು ಕಟ್ಟಿ ಎತ್ತಬೇಡಿ, ಬಿಪಿ ಥಟ್ಟನೆ ಏರುತ್ತೆ, ಎತ್ತೋವಾಗ ಉಸಿರು ಬಿಡಿ. ಎರಡು ಮೂರು ದಿನ ಮೈಕೈ ನೋವಿರುತ್ತೆ, ಅದು ಸಹಜ. ಕೀಲಲ್ಲಿ ಚುಚ್ಚಿದ ಹಂಗೆ ನೋವು ಬಂದ್ರೆ ಮಾತ್ರ ನಿಲ್ಲಿಸಿ. ಮೈ ಗಂಡಸರ ಥರ ದಪ್ಪ ಆಗ್ಬಿಡುತ್ತೆ ಅಂತ ಹೆದರೋ ಹೆಂಗಸರಿಗೆ ಹೇಳೋದು, ವಾರಕ್ಕೆ ಎರಡು ದಿನ ಎತ್ತಿದ್ರೆ ಹಂಗೆ ಆಗೋ ಸಾಧ್ಯತೇನೇ ಇಲ್ಲ, ಅದಕ್ಕೆ ವರ್ಷಗಟ್ಟಲೆ ವಿಪರೀತ ತರಬೇತಿ ಬೇಕು.

ಯೋಗ

ಯೋಗದ ಬಗ್ಗೆ ಎರಡೂ ಕಡೆ ಅತಿ ಮಾತು ಕೇಳಿದೀನಿ, ಎಲ್ಲಾ ಕಾಯಿಲೆಗೂ ಅದೇ ಮದ್ದು ಅನ್ನೋರು ಒಂದು ಕಡೆ, ಅದು ವ್ಯಾಯಾಮಾನೇ ಅಲ್ಲ ಅನ್ನೋರು ಇನ್ನೊಂದು ಕಡೆ. ನಿಧಾನದ ಆಸನಗಳು ಮೈ ಬಗ್ಗೋದಕ್ಕೆ, ಬ್ಯಾಲೆನ್ಸಿಗೆ, ಮನಸ್ಸಿನ ಒತ್ತಡ ಇಳಿಸಕ್ಕೆ ಚೆನ್ನಾಗಿ ಕೆಲಸ ಮಾಡುತ್ತೆ, ನಿದ್ದೇನೂ ಎಷ್ಟೋ ಜನಕ್ಕೆ ಸುಧಾರಿಸುತ್ತೆ. ಹೃದಯದ ಬಡಿತ ಅಷ್ಟೇನೂ ಏರದೇ ಇರೋದ್ರಿಂದ ದಮ್ಮಿಗೆ ಅದೊಂದೇ ಸಾಲಲ್ಲ. ಸೂರ್ಯನಮಸ್ಕಾರ ಬಿಡುವಿಲ್ದೆ ಬೇಗ ಬೇಗ ಮಾಡಿದ್ರೆ ಉಸಿರು ಏರುತ್ತೆ, ಅದನ್ನ ಮಧ್ಯಮ ಶ್ರಮಕ್ಕೆ ಲೆಕ್ಕ ಹಿಡೀಬಹುದು. ಯೋಗಾನೇ ಇಷ್ಟ ಅನ್ನೋರು ವಾರದಲ್ಲಿ ನಾಲ್ಕು ದಿನ ಬಿರುಸು ವಾಕಿಂಗ್ ಸೇರಿಸ್ಕೊಂಡ್ರೆ ತುಂಬಾ ಒಳ್ಳೆ ಜೋಡಿ ಆಗುತ್ತೆ. ಬಿಪಿ, ಗ್ಲಾಕೋಮಾ (ಕಣ್ಣಿನೊಳಗಿನ ಒತ್ತಡದ ಕಾಯಿಲೆ) ಇರೋರು ತಲೆಕೆಳಗಾಗೋ ಆಸನಗಳನ್ನ ಡಾಕ್ಟ್ರನ್ನ ಕೇಳದೆ ಮಾಡ್ಬೇಡಿ.

ಒಂದು ಗಂಟೆ ವ್ಯಾಯಾಮ, ಮಿಕ್ಕಿದ್ದೆಲ್ಲ ಕೂತೇ ಇರೋದು

ಇದು ಇವತ್ತಿನ ಕೆಲಸದವ್ರ ದೊಡ್ಡ ಪ್ರಶ್ನೆ. ಹಳೇ ಕಥೆ ಒಂದಿದೆ, ಜೆರೆಮಿ ಮಾರಿಸ್ ಅನ್ನೋ ವೈದ್ಯರು 1953ರಲ್ಲಿ ಲಂಡನ್ನಿನ ಡಬಲ್ ಡೆಕರ್ ಬಸ್ಸಿನ ಡ್ರೈವರು, ಕಂಡಕ್ಟರುಗಳನ್ನ ಹೋಲಿಸಿ ಪ್ರಕಟಿಸಿದ್ರು. ಸಂಸ್ಥೆ ಒಂದೇ, ಊರು ಒಂದೇ, ಒಬ್ರು ದಿನವಿಡೀ ಕೂತಿರ್ತಾರೆ, ಇನ್ನೊಬ್ರು ದಿನವಿಡೀ ಮೆಟ್ಟಿಲು ಹತ್ತಿ ಇಳೀತಾರೆ. ಕಂಡಕ್ಟರುಗಳಿಗೆ ಹೃದಯಾಘಾತ ಕಮ್ಮಿ ಇತ್ತು, ಬಂದ್ರೂ ಅಷ್ಟು ಮಾರಕ ಆಗ್ತಿರ್ಲಿಲ್ಲ. ಅದು ಜಿಮ್ಮಿನ ವ್ಯಾಯಾಮ ಅಲ್ಲ, ಕೆಲಸದ ಓಡಾಟ ಅಷ್ಟೇ.

2016ರಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ಜನರ ಮಾಹಿತಿ ಒಟ್ಟು ಮಾಡಿ ನೋಡಿದಾಗ, ದಿನಕ್ಕೆ 8 ಗಂಟೆಗಿಂತ ಜಾಸ್ತಿ ಕೂರೋರಲ್ಲಿ ಕಾಣಿಸೋ ಹೆಚ್ಚುವರಿ ಅಪಾಯ ಹೋಗ್ಬೇಕಾದ್ರೆ ದಿನಕ್ಕೆ 60ರಿಂದ 75 ನಿಮಿಷ ಮಧ್ಯಮ ಶ್ರಮ ಬೇಕಾಗಿತ್ತು. ಅಷ್ಟು ಎಲ್ರಿಗೂ ಆಗಲ್ಲ, ಹಂಗಾಗಿ ಎರಡನ್ನೂ ಬೆರೆಸಿ, ಅರ್ಧ ಗಂಟೆ ವ್ಯಾಯಾಮ, ಮತ್ತೆ ಅರ್ಧರ್ಧ ಗಂಟೆಗೊಮ್ಮೆ ಎದ್ದು ಎರಡು ನಿಮಿಷ ಓಡಾಟ. ಮೊದಲು ಹತ್ತು ನಿಮಿಷಕ್ಕಿಂತ ಕಮ್ಮಿ ಮಾಡಿದ್ರೆ ಲೆಕ್ಕಕ್ಕಿಲ್ಲ ಅಂತಿದ್ರು, 2020ರ ಮಾರ್ಗಸೂಚಿಯಲ್ಲಿ ಆ ನಿಯಮ ತೆಗೆದ್ರು, ಐದು ನಿಮಿಷ ಮೆಟ್ಟಿಲು ಹತ್ತಿದ್ದೂ ಲೆಕ್ಕಾನೇ.

ಪೂರ್ತಿ ಮಲಗಿಬಿಟ್ರೆ ಏನಾಗುತ್ತೆ ಅನ್ನೋದಕ್ಕೆ ಅಮೆರಿಕದ ಡಲ್ಲಾಸ್ ಊರಲ್ಲಿ 1966ರಲ್ಲಿ ನಡೆದ ಪ್ರಯೋಗ ಇದೆ. 20 ವರ್ಷದ ಐದು ಆರೋಗ್ಯವಂತ ಹುಡುಗರನ್ನ ಮೂರು ವಾರ ಹಾಸಿಗೆ ಮೇಲೇ ಇಟ್ರು. 30 ವರ್ಷ ಆದ್ಮೇಲೆ ಅದೇ ಐದು ಜನರನ್ನ ಮತ್ತೆ ಪರೀಕ್ಷೆ ಮಾಡಿದಾಗ ಗೊತ್ತಾಗಿದ್ದು, 30 ವರ್ಷದ ವಯಸ್ಸು ಮಾಡಿದ್ದಕ್ಕಿಂತ ಆ ಮೂರು ವಾರದ ಹಾಸಿಗೆ ಅವರ ದಮ್ಮಿಗೆ ಜಾಸ್ತಿ ಹೊಡೆತ ಕೊಟ್ಟಿತ್ತು ಅಂತ. ಆರು ತಿಂಗಳ ತರಬೇತಿಯಿಂದ ವಯಸ್ಸು ಕಿತ್ಕೊಂಡಿದ್ದ ದಮ್ಮು ವಾಪಸ್ ಬಂತು, ಅದನ್ನೂ ಹೇಳ್ಬೇಕು.

ವ್ಯಾಯಾಮಾನಾ, ಬೇರೆ ಅಭ್ಯಾಸಗಳಾ?

ಎಲ್ಲಾ ಒಟ್ಟಿಗೆ ಬದಲಾಯಿಸಕ್ಕೆ ಆಗಲ್ಲ ಅಂದ್ರೆ ಯಾವುದು ಮೊದಲು? ಸಿಗರೇಟ್ ಸೇದೋರಿಗೆ ನನ್ನ ಉತ್ತರ ಒಂದೇ, ಮೊದಲು ಅದು. ಬ್ರಿಟನ್ನಿನ ಡಾಕ್ಟರುಗಳನ್ನೇ 50 ವರ್ಷ ಹಿಂಬಾಲಿಸಿ 2004ರಲ್ಲಿ ಪ್ರಕಟವಾದ ರಿಚರ್ಡ್ ಡಾಲ್ ಅವರ ಅಧ್ಯಯನದ ಪ್ರಕಾರ ಜೀವನವಿಡೀ ಸೇದೋರು ಸರಾಸರಿ 10 ವರ್ಷ ಕಳ್ಕೊಳ್ತಾರೆ, 40ರಲ್ಲಿ ಬಿಟ್ರೆ ಅದರಲ್ಲಿ ಸುಮಾರು 9 ವರ್ಷ ವಾಪಸ್, 50ರಲ್ಲಿ ಬಿಟ್ರೆ 6, 60ರಲ್ಲಿ ಬಿಟ್ರೂ 3. ಯಾವ ಓಟಾನೂ ಇದರ ಬದಲಿಗೆ ನಿಲ್ಲಲ್ಲ.

ತೂಕ ಇಳಿಸೋದೊಂದೇ ಗುರಿ ಆದ್ರೆ ತಿನ್ನೋದರ ಪ್ರಮಾಣದ ಪಾತ್ರ ದೊಡ್ಡದು, ವ್ಯಾಯಾಮ ಒಂದರಿಂದ ಇಳಿಯೋದು ಸ್ವಲ್ಪಾನೇ. ಇಳಿದಿದ್ದು ಮತ್ತೆ ಏರದ ಹಂಗೆ ಕಾಯೋದ್ರಲ್ಲಿ, ಇಳಿಯೋವಾಗ ಸ್ನಾಯು ಕರಗದ ಹಂಗೆ ನೋಡ್ಕೊಳ್ಳೋದ್ರಲ್ಲಿ ವ್ಯಾಯಾಮ ಬೇಕೇ ಬೇಕು. ಶುಗರ್ ಬರೋ ಅಂಚಲ್ಲಿರೋರಿಗೆ ಎರಡೂ ಒಟ್ಟಿಗೆ, 3,234 ಜನರ ಮೇಲೆ ನಡೆದು 2002ರಲ್ಲಿ ಪ್ರಕಟವಾದ ಅಮೆರಿಕದ ಪ್ರಯೋಗದಲ್ಲಿ ವಾರಕ್ಕೆ 150 ನಿಮಿಷ ವ್ಯಾಯಾಮ ಮತ್ತೆ 7% ತೂಕ ಇಳಿಸೋ ಗುರಿ ಕೊಟ್ಟ ಗುಂಪಲ್ಲಿ ಡಯಾಬಿಟಿಸ್ ಬರೋದು 58% ಕಮ್ಮಿ ಆಯ್ತು, ಶುಗರ್ ಇಳಿಸೋ ಮೆಟ್‌ಫಾರ್ಮಿನ್ ಮಾತ್ರೆ ಕೊಟ್ಟ ಗುಂಪಲ್ಲಿ 31%. ಮಾತ್ರೆ ಬಿಡಿ ಅಂತ ನಾನು ಹೇಳ್ತಿಲ್ಲ, ಈಗ ತಗೊಳ್ತಿದ್ರೆ ಡಾಕ್ಟ್ರು ಹೇಳೋವರೆಗೂ ಬಿಡಬೇಡಿ.

ನಿದ್ದೆ ಕಡಿದು ವ್ಯಾಯಾಮ ಮಾಡೋದಾ? ದೊಡ್ಡವ್ರಿಗೆ 7 ಗಂಟೆ ಆದ್ರೂ ಬೇಕು. ರಾತ್ರಿ ಒಂದಕ್ಕೆ ಮಲಗಿ ಐದಕ್ಕೆ ಎದ್ದು ಓಡೋದು ಬೇಡ, ಅಂಥವ್ರು ಸಂಜೆ ಮಾಡಿ. ಬೆಳಿಗ್ಗೆ ಸಂಜೆ ಅನ್ನೋದ್ರಲ್ಲಿ ಆರೋಗ್ಯದ ಲೆಕ್ಕದಲ್ಲಿ ದೊಡ್ಡ ವ್ಯತ್ಯಾಸ ಏನಿಲ್ಲ, ತಪ್ಪಿಸಕ್ಕೆ ನೆಪ ಸಿಗದೇ ಇರೋ ಹೊತ್ತು ಯಾವುದೋ ಅದೇ ನಿಮ್ಮ ಹೊತ್ತು.

ಯಾರಿಗೆ ಏನು, ನಾನು ಹೇಳೋದಾದ್ರೆ

ವರ್ಷಗಟ್ಟಲೆ ವಾಕಿಂಗ್ ಮಾಡ್ತಿರೋರು ವಾಕಿಂಗ್ ಹೆಚ್ಚಿಸಬೇಡಿ, ವಾರದಲ್ಲಿ ಎರಡು ದಿನ ಅದನ್ನ ಅರ್ಧಕ್ಕೆ ಇಳಿಸಿ ಆ ಟೈಮಲ್ಲಿ ಭಾರ ಎತ್ತಿ. ಜಿಮ್ಮಲ್ಲಿ ಭಾರ ಮಾತ್ರ ಎತ್ತಿ ಮೆಟ್ಟಿಲಿಗೆ ಏದುಸಿರು ಬಿಡೋ ಹುಡುಗರು ವಾರಕ್ಕೆ ಎರಡು ಸಲ ಓಟ ಅಥವಾ ಸೈಕಲ್ ಸೇರಿಸಿ. ದಿನಕ್ಕೆ 20 ನಿಮಿಷಾನೇ ಇರೋದು ಅನ್ನೋರಿಗೆ ಮೂರು ದಿನ ಜೋರಾಗಿ ಮೆಟ್ಟಿಲು ಅಥವಾ ಓಟ, ಎರಡು ದಿನ ಬಲದ ವ್ಯಾಯಾಮ. 65 ದಾಟಿದೋರಿಗೆ ನಾನು ಬಲ, ಬ್ಯಾಲೆನ್ಸನ್ನೇ ಮುಂದಿಡ್ತೀನಿ, ಯಾಕಂದ್ರೆ ಒಂದು ಸಲ ಬಿದ್ದು ಸೊಂಟದ ಮೂಳೆ ಮುರಿದ್ರೆ ವಾಕಿಂಗೂ ಅಲ್ಲಿಗೇ ನಿಲ್ಲುತ್ತೆ. ಮಂಡಿ ನೋವಿನವ್ರು ಪೂರ್ತಿ ವಿಶ್ರಾಂತಿ ಅಂತ ಕೂರಬೇಡಿ, ತೊಡೆ ಸ್ನಾಯು ಸೊರಗಿದ್ರೆ ಮಂಡಿ ಮೇಲಿನ ಭಾರ ಇನ್ನೂ ಜಾಸ್ತಿ ಆಗುತ್ತೆ, ಫಿಸಿಯೋಥೆರಪಿಸ್ಟ್ ಹತ್ರ ಕೇಳಿ ಶುರು ಮಾಡಿ.

ನಡೆಯೋವಾಗ ಎದೆ ಬಿಗಿ ಹಿಡಿದ್ರೆ, ತಲೆ ಸುತ್ತಿ ಕಣ್ಣು ಕತ್ತಲೆ ಬಂದ್ರೆ, ಯಾವತ್ತೂ ಇಲ್ದಿದ್ದ ಏದುಸಿರು ಬಂದ್ರೆ ಅಲ್ಲೇ ನಿಲ್ಲಿಸಿ, ಡಾಕ್ಟ್ರಿಗೆ ತೋರಿಸದೆ ಮತ್ತೆ ಶುರು ಮಾಡ್ಬೇಡಿ. ಹೃದಯದ ತೊಂದರೆ ಮೊದಲೇ ಇರೋರು, ವರ್ಷಗಟ್ಟಲೆ ಶುಗರ್ ಇರೋರು, ಗರ್ಭಿಣಿಯರು ಕೇಳ್ಕೊಂಡೇ ಶುರು ಮಾಡೋದು ಒಳ್ಳೇದು, ಶುಗರ್ ಮಾತ್ರೆ ಇನ್ಸುಲಿನ್ ತಗೊಳ್ಳೋರಿಗೆ ವ್ಯಾಯಾಮದ ಮಧ್ಯೆ ಶುಗರ್ ತೀರಾ ಇಳಿಯೋ ಸಾಧ್ಯತೆ ಇರುತ್ತೆ, ಡೋಸ್ ಹೊಂದಿಸ್ಬೇಕಾಗ್ಬಹುದು.

ಇನ್ನು ಮಧ್ಯದಲ್ಲಿ ಬಿಟ್ಟು ಹೋಗೋದು. ಜ್ವರ, ಮದುವೆ, ಪ್ರಯಾಣ, ಕೆಲಸದ ಒತ್ತಡ, ಏನೋ ಒಂದು ಬಂದೇ ಬರುತ್ತೆ. ಲಂಡನ್ನಿನಲ್ಲಿ 96 ಜನರ ಮೇಲೆ ಮಾಡಿದ ಒಂದು ಅಧ್ಯಯನದಲ್ಲಿ ಹೊಸ ಅಭ್ಯಾಸ ತಾನಾಗೇ ನಡೆಯೋ ಮಟ್ಟಕ್ಕೆ ಬರಕ್ಕೆ ಮಧ್ಯದ ಲೆಕ್ಕ 66 ದಿನ, ಕೆಲವ್ರಿಗೆ 18, ಕೆಲವ್ರಿಗೆ 254 ಅಂತ ಅಂದಾಜು ಬಂತು, ನಡುವೆ ಒಂದು ದಿನ ತಪ್ಪಿದ್ದರಿಂದ ಏನೂ ಕೆಡಲಿಲ್ಲ. ಒಂದು ವಾರ ಬಿಟ್ಟಿದ್ರೆ ಇದ್ದಲ್ಲಿಂದಾನೇ ಮುಂದುವರಿಸಿ. ತಿಂಗಳು ಬಿಟ್ಟಿದ್ರೆ ದಮ್ಮು ಇಳಿದಿರುತ್ತೆ, ಬಲ ಅಷ್ಟು ಬೇಗ ಇಳಿದಿರಲ್ಲ, ಹಂಗಿದ್ರೂ ಹಳೇ ಭಾರದ ಅರ್ಧಕ್ಕೆ, ಹಳೇ ದೂರದ ಅರ್ಧಕ್ಕೆ ಇಳಿಸಿ ಶುರು ಮಾಡಿ, ಎರಡು ಮೂರು ವಾರ ತಗೊಂಡು ಏರಿಸಿ. ನಂಗೆ ಗೊತ್ತಿರೋರಿಗೆ ಪೆಟ್ಟಾಗಿದ್ದೆಲ್ಲ ಹೆಚ್ಚುಕಮ್ಮಿ ಇಲ್ಲೇ, ಬಿಟ್ಟು ಬಂದ ಮೊದಲ ದಿನ ಹಳೇ ಭಾರಕ್ಕೇ ಕೈ ಹಾಕಿ.